ಕುಲಾವಿಯಲ್ಲ, ಕೌದಿ

ಹೊಲಿಗೆ ಮಷಿನ್ನಿನ ಮೇಲೆ ಇಸ್ತ್ರಿ ಬಟ್ಟೆ ಇಟ್ಟಿರುವುದನ್ನು ಕಂಡರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಬೇರೆಯವರ ಮನೆಯ ಮಷಿನ್ ಆದರೂ ಸರಿಯೇ. ನೆಂಟರ ಮನೆಗೆ ಹೋದಾಗ ಮೂಲೆಯಲ್ಲೊಂದು ಮಷಿನ್, ಅದರ ಮೇಲೆ ಮಡಿಸಿಟ್ಟ ಪ್ಯಾಂಟುಗಳು, ಪ್ಯಾಂಟುಗಳ ಮೇಲೆ ಹಳೆಯ ಪೇಪರು ಕಂಡರೆ ಸಾಕು, ಆ ಮನೆಯ ಹೆಂಗಸಿನ ಮುಖವನ್ನೊಮ್ಮೆ ನೋಡುತ್ತೇನೆ. ಇವಳೂ ಒಂದು ಕಾಲಕ್ಕೆ ಹೊಲಿಯುತ್ತಿದ್ದಳು, ಆಮೇಲೆ ಮಕ್ಕಳಾದವು ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತೇನೆ. ಕೇಳಿ ನೋಡಿದರೆ ಹೆಚ್ಚಿನ ಸಲ ನನ್ನ ಊಹೆ ಸರಿಯಾಗಿರುತ್ತದೆ.

ನನ್ನ ಮಷಿನ್ ಭದ್ರಾವತಿಯದು. ಜನ್ನಾಪುರದ ತವರುಮನೆಯಲ್ಲಿ ಅಮ್ಮ ಅದನ್ನು ತುಳಿದು ಬೀದಿಯವರ ಸೀರೆಗಳಿಗೆಲ್ಲ ಫಾಲ್ ಹಚ್ಚುತ್ತಿದ್ದಳು. ಅವಳ ಮಂಡಿ ನೋವು ಶುರುವಾದ ಮೇಲೆ ಅದು ಲಗೇಜ್ ಆಟೋ ಹತ್ತಿ ಶಿವಮೊಗ್ಗಕ್ಕೆ, ರವೀಂದ್ರನಗರದ ನಮ್ಮ ಮನೆಗೆ ಬಂತು. ನಾನು ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತೆ. ದಿನವಿಡೀ ಬೇರೆಯವರ ಅರ್ಜಿಗಳಿಗೆ ಸೀಲು ಹೊಡೆದು ಬಂದವಳಿಗೆ ಸಂಜೆ ಒಂದರ್ಧ ಗಂಟೆ ಆ ಪೆಡಲು ತುಳಿದರೆ ಜೀವ ಬಂದಂತಾಗುತ್ತಿತ್ತು. ಮೊದಲ ಮಗಳು ಹುಟ್ಟಿದ ವಾರದಲ್ಲೇ ಅದರ ಮುಚ್ಚಳ ಮುಚ್ಚಿದೆ. ಮೊದಲು ಅದರ ಮೇಲೆ ಕೂಸಿನ ಪೌಡರ್ ಡಬ್ಬಿ ಬಂತು, ಆಮೇಲೆ ಒಣಗಿದ ಲಂಗೋಟಿಗಳು ಬಂದವು, ಕಡೆಗೆ ಇಸ್ತ್ರಿ ಬಟ್ಟೆಗಳ ರಾಶಿ ಬಂದು ಠಿಕಾಣಿ ಹೂಡಿತು. ನಾಲ್ಕು ವರ್ಷ ಅಲ್ಲಿಂದ ಏಳಲಿಲ್ಲ. "ಇಸ್ತ್ರಿ ಬಟ್ಟೆ ಇಡೋಕೆ ಒಳ್ಳೆ ಎತ್ತರ ಕಣೆ ಇದು" ಎಂದು ನನ್ನ ಗಂಡ ಒಂದು ದಿನ ಮೆಚ್ಚುಗೆಯಿಂದ ಹೇಳಿದರು. ಅವತ್ತು ಸಂಜೆ ಅವರ ಜೊತೆ ನಾನು ಮಾತಾಡಲಿಲ್ಲ. ಯಾಕೆಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಮಗಳು ಎಲ್‌ಕೆಜಿಗೆ ಸೇರಿದ ಮೇಲೆ ಒಂದು ಭಾನುವಾರ ಆ ರಾಶಿಯನ್ನು ಮಂಚದ ಮೇಲೆ ಸುರಿದು, ಮಷಿನ್ನಿಗೆ ಎಣ್ಣೆ ಬಿಟ್ಟು, ಬೆಲ್ಟ್ ಬದಲಾಯಿಸಿದೆ. ಫ್ರಾಕು, ತರಕಾರಿ ಚೀಲ, ದಿಂಬಿನ ಕವರು ಎಂದು ಸಿಕ್ಕಿದ್ದನ್ನೆಲ್ಲ ಹೊಲಿದೆ. ಆಮೇಲೆ ಕೌದಿಯ ಹುಚ್ಚು ಹಿಡಿಯಿತು. ಹಳೆ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣ ಬಣ್ಣದ ತುಂಡು ಜೋಡಿಸಿ, ಸಾಲು ಸಾಲಾಗಿ ಕೈಹೊಲಿಗೆ ಹಾಕುತ್ತಾ ಹೋಗುವುದು. ಅದರ ಸುಖ ಮಾಡಿದವರಿಗೇ ಗೊತ್ತು.

ಈ ಹುಚ್ಚಿಗೆ ಆರು ತಿಂಗಳು ತುಂಬುವಷ್ಟರಲ್ಲಿ ನಾನು ಮತ್ತೆ ಬಸುರಿಯಾದೆ. ಖುಷಿಯಾಯಿತು, ತುಂಬಾ ಖುಷಿಯಾಯಿತು. ಎರಡನೆಯದು ಬೇಕೆಂದು ನಾನೇ ಹಟ ಹಿಡಿದವಳು. ಆದರೆ ಸುಳ್ಳು ಯಾಕೆ ಹೇಳಲಿ, ಖುಷಿಯ ಹಿಂದೆಯೇ ಕಣ್ಣಿಗೆ ಕಟ್ಟಿದ್ದು ಇಸ್ತ್ರಿ ಬಟ್ಟೆಯ ರಾಶಿ. ಈ ಸಲ ಮುಚ್ಚಳ ಮುಚ್ಚಿದರೆ ತೆಗೆಯುವಷ್ಟರಲ್ಲಿ ನನಗೆ ನಲವತ್ತಾಗಿರುತ್ತದೆ, ಆಗ ನಾನೂ ಮಂಡಿ ಹಿಡಿದುಕೊಂಡು ಕೂತಿರುತ್ತೇನೆ ಎನ್ನಿಸಿ ಹೆದರಿಕೆಯಾಯಿತು. ಅದಕ್ಕೇ ಒಂದು ತೀರ್ಮಾನ ಮಾಡಿದೆ. ಹೆರಿಗೆಗೆ ಹೋಗುವ ಮೊದಲು ಹುಟ್ಟುವ ಮಗುವಿಗೆ ಒಂದು ಕೌದಿ ಮುಗಿಸಬೇಕು. ಬಸುರಿ ಹೊಟ್ಟೆ, ಆಫೀಸು, ಅಡುಗೆ, ಒಂದು ಮಗು, ಇಷ್ಟರ ನಡುವೆ ಅದೊಂದನ್ನು ಮುಗಿಸಿದರೆ ಮುಂದೆಯೂ ಹೊಲಿಯುತ್ತೇನೆ ಎಂಬ ಧೈರ್ಯ ಬರುತ್ತದೆ. ಮುಗಿಯದಿದ್ದರೆ ಮಷಿನ್ ಯಾರಿಗಾದರೂ ಕೊಟ್ಟುಬಿಡುವುದು. ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ನಗುತ್ತಿದ್ದರು.

ಬಟ್ಟೆ ಹರವಿಕೊಂಡು ಕೂತ ಮೊದಲ ದಿನವೇ ಅತ್ತೆ ಬಂದು ಎದುರಿಗೆ ನಿಂತರು. ಅತ್ತೆ ಹೊಳೆಹೊನ್ನೂರಿನ ಕಡೆಯವರು, ಭತ್ತ ಬೆಳೆಯುವ ಮನೆಯ ಮಗಳು. ಅವರು ಜಗಳ ಆಡುವವರಲ್ಲ, ಗಾದೆ ಹೇಳುವವರು. ಗಾದೆ ಹೇಳಿದರೆಂದರೆ ಅದು ಸುಪ್ರೀಂ ಕೋರ್ಟು, ಮೇಲ್ಮನವಿ ಇಲ್ಲ.

"ಏನಿದು?"

"ಕೌದಿ ಅತ್ತೆ."

"ಯಾರಿಗೆ?"

ನಾನು ಹೊಟ್ಟೆಯ ಕಡೆ ನೋಡಿದೆ. ಅವರೂ ನೋಡಿದರು. "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ್ರಂತೆ" ಎಂದರು.

ಅವರು ಅದನ್ನು ಚುಚ್ಚಲು ಹೇಳಿದ್ದಲ್ಲ. ಊರೆಲ್ಲ ಆತುರಗೇಡಿಗಳನ್ನು ಹಂಗಿಸಲು ಬಳಸುವ ಈ ಗಾದೆ ಅತ್ತೆಯ ಬಾಯಲ್ಲಿ ಗಾದೆಯೇ ಅಲ್ಲ, ನಿಯಮ. ಹುಟ್ಟುವ ಮುಂಚೆ ಕೂಸಿಗೆಂದು ಹೊಸದಾಗಿ ಏನನ್ನೂ ಹೊಲಿಯಬಾರದು, ತರಬಾರದು. ಮೊದಲ ಬಸುರಿನಲ್ಲೂ ಏನನ್ನೂ ಹೊಲಿಯಲು ಬಿಟ್ಟಿರಲಿಲ್ಲ. ನಾನು ಸಿಟ್ಟಿಗೆದ್ದು ವಾದಕ್ಕೆ ಇಳಿದೆ.

"ಗಾದೇಲಿ ಇರೋದು ಕುಲಾವಿ ಅತ್ತೆ. ಇದು ಕುಲಾವಿಯಲ್ಲ, ಕೌದಿ. ಅದೂ ಹಳೇ ಬಟ್ಟೇದು."

"ಕುಲಾವಿ ಅಂದ್ರೆ ಬರೀ ಕುಲಾವೀನೇನೇ ಮಾರಾಯ್ತಿ?"

ವಾದದಲ್ಲಿ ಸೋಲುತ್ತೇನೆ ಎಂದು ಗೊತ್ತಾದ ಕೂಡಲೇ ನಾನು ಸುಳ್ಳಿಗೆ ಕೈಹಾಕಿದೆ. "ತಮಾಷೆಗೆ ಹಾಗೆ ನೋಡ್ದೆ ಅತ್ತೆ. ಇದು ದೊಡ್ಡವಳಿಗೆ" ಎಂದೆ. ಅತ್ತೆ ಬಟ್ಟೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಹಂಗಾದ್ರೆ ಸರಿ" ಎಂದು ಒಳಗೆ ಹೋದರು. ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದ ದೊಡ್ಡವಳು ಓಡಿಬಂದು ಹರವಿದ ಬಟ್ಟೆಯ ನಡುವೆ ಮಲಗಿಬಿಟ್ಟಳು. "ನಂದಾ ಅಮ್ಮ? ಪೂರ್ತಿ ನಂದಾ?" ಎಂದು ಕೇಳಿದಳು. ನಾನು ಹೂಂ ಎಂದೆ. ಇನ್ನೇನು ಹೇಳಲಿ?

ಅವತ್ತಿನಿಂದ ಅವಳೇ ಮೇಸ್ತ್ರಿ. ಯಾವ ತುಂಡಿನ ಪಕ್ಕ ಯಾವುದು ಎಂದು ಅವಳೇ ಹೇಳಬೇಕು. ಜನ್ನಾಪುರದ ತಾತ, ಎಂದರೆ ನನ್ನ ಅಪ್ಪ, ಫ್ಯಾಕ್ಟರಿಗೆ ಹಾಕಿಕೊಂಡು ಹೋಗುತ್ತಿದ್ದ ಖಾಕಿ ಅಂಗಿಯ ಒಂದು ತುಂಡು ನಡುವೆ ಬಂತು, ಜೇಬಿನ ಸಮೇತ. ಜೇಬು ಕಿತ್ತುಹಾಕೋಣ ಎಂದರೆ ಕೇಳಲಿಲ್ಲ. ಸುತ್ತಲೂ ಅಮ್ಮನ ವಾಯಿಲ್ ಸೀರೆ, ನನ್ನ ಗಂಡನ ಗೆರೆ ಶರ್ಟು, ಅವಳದೇ ಗಿಡ್ಡವಾದ ಫ್ರಾಕು.

ಅಷ್ಟು ಸಾಲದೆ ರವಿಕೆ ಪೀಸುಗಳಿಗೆ ಕೈಹಾಕಿದೆ. ನಮ್ಮ ಕಡೆ ಅರಿಶಿನ ಕುಂಕುಮದ ಜೊತೆ ಕೊಡುವ ರವಿಕೆ ಪೀಸನ್ನು ಯಾರೂ ಹೊಲಿಸುವುದಿಲ್ಲ. ಇವತ್ತು ನಿಮಗೆ ಬಂದದ್ದು ನಾಳೆ ಇನ್ನೊಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ. ನಮ್ಮ ಬೀರುವಿನಲ್ಲಿ ಒಂದು ಗಿಳಿಹಸಿರು ಪೀಸು ಸಿಕ್ಕಿತು, ಮೂಲೆಯಲ್ಲಿ ಸಣ್ಣ ಕಾಫಿ ಕಲೆ. ಆ ಕಲೆ ನನ್ನ ಕೈಯಿಂದಲೇ ಆದದ್ದು. ಎರಡು ವರ್ಷದ ಹಿಂದೆ ನಾನೇ ಅದನ್ನು ಮಡಿಸಿ, ಕಲೆ ಒಳಗೆ ಮಾಡಿ, ಭದ್ರಾವತಿಯ ಒಂದು ಗೃಹಪ್ರವೇಶದಲ್ಲಿ ಕೊಟ್ಟು ಬಂದಿದ್ದೆ. ಎಷ್ಟು ಮನೆ ತಿರುಗಿ, ಎಷ್ಟು ಸಲ ಹೊಳೆ ದಾಟಿ ವಾಪಸು ಬಂದಿತ್ತೋ. ಕತ್ತರಿ ಹಾಕಿ ಅದಕ್ಕೆ ಮುಕ್ತಿ ಕೊಟ್ಟೆ. ಅತ್ತೆ ಅದನ್ನು ನೋಡಿ, "ಇದು ನಮ್ಮದೇ ಅಲ್ವೇನೇ?" ಎಂದು ನಕ್ಕುಬಿಟ್ಟರು.

ತುಂಡುಗಳನ್ನು ಜೋಡಿಸುವುದು ಮಷಿನ್ನಿನಲ್ಲಿ. ಆರನೇ ತಿಂಗಳವರೆಗೆ ಏನೂ ತೊಂದರೆಯಾಗಲಿಲ್ಲ. ಬಸುರಿ ಮಷಿನ್ ತುಳಿದರೆ ಕೂಸಿಗೆ ಕರುಳು ಸುತ್ತಿಕೊಳ್ಳುತ್ತದೆ ಎಂದು ಅತ್ತೆ ಹೆದರಿಸಿದರು. ನಾನು ಡಾಕ್ಟರಮ್ಮನನ್ನೇ ಕೇಳಿದೆ. "ಬೆನ್ನು ನೋಯದಿದ್ರೆ ತುಳೀರಿ, ಒಂದೇ ಸಮನೆ ಕೂರಬೇಡಿ ಅಷ್ಟೆ. ನನ್ನ ನೈಟಿಗೂ ಒಂದು ಝಿಪ್ ಹಾಕಿಕೊಡಿ" ಎಂದರು. ಮನೆಗೆ ಬಂದು ಇದನ್ನು ಗೆಲುವಿನಿಂದ ಘೋಷಿಸಿದೆ. ಆದರೆ ಏಳನೇ ತಿಂಗಳಿಗೆ ಹೊಟ್ಟೆಯೇ ಅತ್ತೆಯ ಪಕ್ಷ ಸೇರಿತು. ನನಗೂ ಸೂಜಿಗೂ ನಡುವೆ ಇನ್ನೊಬ್ಬರು ಬಂದು ಕೂತಂತಾಗಿ, ಕೈ ಚಾಚಿದರೆ ಬಟ್ಟೆ ಸಿಗದು, ಬಟ್ಟೆ ಸಿಕ್ಕರೆ ಪೆಡಲು ಸಿಗದು. ನಗು ಬಂದು ಎದ್ದುಬಿಟ್ಟೆ. ಅದೃಷ್ಟಕ್ಕೆ ಆ ಹೊತ್ತಿಗೆ ಜೋಡಿಸುವ ಕೆಲಸ ಮುಗಿದಿತ್ತು. ಇನ್ನು ಕೈಹೊಲಿಗೆ. ಅದಕ್ಕೆ ನನ್ನ ಹೊಟ್ಟೆಯಷ್ಟು ಒಳ್ಳೆಯ ಮೇಜು ಊರಲ್ಲೇ ಇರಲಿಲ್ಲ. ಭಾನುವಾರದ ಮಧ್ಯಾಹ್ನ ಹಜಾರದ ಕಿಟಕಿ ಪಕ್ಕ ಕಾಲು ಚಾಚಿ ಕೂತು, ಹೊಟ್ಟೆಯ ಮೇಲೆ ಕೌದಿ ಹರಡಿ ಹೊಲಿಯುವಾಗ ಒಳಗಿದ್ದವನು ಒದೆಯುತ್ತಿದ್ದ. ಅವನು ಒದ್ದಾಗಲೆಲ್ಲ ಹೊಲಿಗೆ ಸೊಟ್ಟಗಾಗುತ್ತಿತ್ತು. ಖಾಕಿ ಜೇಬಿನ ಕೆಳಗಿನ ಎರಡು ಸಾಲು ಹಾಗೆ ಆದದ್ದು. ನಾನು ಬಿಚ್ಚಲಿಲ್ಲ.

ಅತ್ತೆ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಾ ಹೊಲಿಗೆಯ ತಪ್ಪು ಹೇಳುತ್ತಿದ್ದರು. "ನಿಮಗೆ ಬರುತ್ತಾ ಅತ್ತೆ?" ಎಂದು ಒಂದು ದಿನ ಕೇಳಿದೆ.

"ಎಲ್ಲಿ ಬರುತ್ತೆ. ನಮ್ಮಜ್ಜಿ ಹೊಲಿಯೋರು. ಅವರಿಗೆ ಕಣ್ಣು ಕಾಣ್ತಿರ್ಲಿಲ್ಲ ಅಂತ ನಾನು ಸೂಜಿಗೆ ದಾರ ಹಾಕಿಕೊಡೋಳು. ನಾಟಿ ಶುರುವಾದ್ರೆ ಅದೂ ಇಲ್ಲ, ಗದ್ದೆಗೆ ಇಳೀಬೇಕು. ಮದುವೆಯಾಗಿ ಇಲ್ಲಿಗೆ ಬಂದ್ಮೇಲೆ ಸೂಜಿ ಮುಟ್ಟಿದ್ದು ಗುಂಡಿ ಹಚ್ಚೋಕಷ್ಟೆ." ಇನ್ನೊಂದು ಅವರೆಕಾಯಿ ಸುಲಿದು ಮುಂದುವರಿಸಿದರು. "ಕಡೇಲಿ ಒಂದು ಮೂಲೆ ಹೊಲೀದೆ ಬಿಡ್ತಿದ್ರು. ಅದು ಕೌದಿ ಬಾಯಿ. ಹಸಿದಿರೋ ಕೌದಿ ಹೊದ್ಕೊಬಾರದು ಅಂತ ಆ ಬಾಯೊಳಗೆ ಒಂದು ಚಿಟಿಕೆ ಅಕ್ಕಿ ಹಾಕಿ, ಹೊಟ್ಟೆ ತುಂಬಿಸಿ, ಆಮೇಲೆ ಬಾಯಿ ಹೊಲಿಯೋರು. ನೀನೂ ಹಂಗೇ ಮಾಡು."

ಮಗಳು ಬಣ್ಣದ ಪೆನ್ಸಿಲ್ ಕೆಳಗಿಟ್ಟು ಇದನ್ನೆಲ್ಲ ಕೇಳಿಸಿಕೊಂಡಳು. "ಕೌದಿಗೆ ಹಸಿವಾಗುತ್ತಾ ಅಜ್ಜಿ?" ಎಂದಳು. "ಆಗದೆ ಏನು" ಎಂದರು ಅತ್ತೆ.

ಎಲ್ಲಾ ಅಂದುಕೊಂಡಂತೆ ನಡೆದಿದ್ದರೆ ಇನ್ನು ಹದಿನೈದು ದಿನಕ್ಕೆ ಮುಗಿಯುತ್ತಿತ್ತು. ಅಷ್ಟರಲ್ಲಿ ಬಿಪಿ ಸ್ವಲ್ಪ ಏರಿತು. ಹೆದರುವಂಥದ್ದೇನಲ್ಲ, ಆದರೆ ರೆಸ್ಟ್ ಬೇಕು ಎಂದರು ಡಾಕ್ಟರಮ್ಮ. ಫೋನಿನಲ್ಲಿ ಇದನ್ನು ಕೇಳಿದ ಅಮ್ಮ ಮಾರನೇ ದಿನವೇ ಬಾಡಿಗೆ ಕಾರು ಮಾಡಿಕೊಂಡು ಬಂದು ನಿಂತಳು. ನಮ್ಮ ಮನೆಯಲ್ಲಿ ಎರಡನೇ ಬಾಣಂತನವೂ ತವರಿನದೇ ಎಂದು ಮೊದಲೇ ಮಾತಾಗಿತ್ತು. ಮಗಳಿಗೆ ಸ್ಕೂಲು ಇದ್ದದ್ದರಿಂದ ಅವಳು ಅಪ್ಪ, ಅಜ್ಜಿಯ ಜೊತೆ ಶಿವಮೊಗ್ಗದಲ್ಲೇ ಇರುವುದು, ಭಾನುವಾರ ಭಾನುವಾರ ಬರುವುದು. ಕೌದಿಯಲ್ಲಿ ಒಂದು ಬದಿಯ ಅಂಚು ಮತ್ತು ಬಾಯಿ, ಅಷ್ಟೇ ಉಳಿದಿತ್ತು. ಮಡಿಸಿ ಬ್ಯಾಗಿಗೆ ತುಂಬಲು ಹೋದೆ. ಮಗಳು ಎರಡೂ ಕೈಯಲ್ಲಿ ಅದನ್ನು ಅವುಚಿಕೊಂಡಳು.

"ಇದು ನಂದು. ನೀನು ತಗೊಂಡು ಹೋಗ್ಬೇಡ."

ನಿನ್ನದಲ್ಲ ಎನ್ನುವ ಹಾಗಿಲ್ಲ. ಅತ್ತೆ ಅಲ್ಲೇ ನಿಂತಿದ್ದರು. ನನ್ನ ಸುಳ್ಳು ನನ್ನ ಕುತ್ತಿಗೆಗೇ ಬಂದಿತ್ತು. ಬ್ಯಾಗು ಮುಚ್ಚಿ ಹೊರಟೆ. ಬಾಗಿಲು ದಾಟುವಾಗ ತಿರುಗಿ ನೋಡಿದರೆ, ಇಸ್ತ್ರಿಯವನು ತಂದುಕೊಟ್ಟ ಗಂಟನ್ನು ನನ್ನ ಗಂಡ ಮಷಿನ್ನಿನ ಮೇಲೆ ಇಡುತ್ತಿದ್ದರು. ಅವರ ತಪ್ಪಲ್ಲ, ಕೈಗೆ ಅಭ್ಯಾಸ. ಕಾರು ಬೈಪಾಸ್ ದಾಟುವವರೆಗೂ ನಾನು ಅಳುತ್ತಲೇ ಇದ್ದೆ. ಎದೆಯುರಿ ಎಂದು ಅಮ್ಮನಿಗೆ ಹೇಳಿದೆ, ಅವಳು ಜೀರಿಗೆ ಕೊಟ್ಟಳು.

ಮಗ ಸುಖವಾಗಿ ಹುಟ್ಟಿದ. ಅಪ್ಪನ ಹಳೇ ಪಂಚೆಯಲ್ಲಿ ಸುತ್ತಿ ಅವನನ್ನು ನನ್ನ ಕೈಗೆ ಕೊಟ್ಟಾಗ ಕೌದಿ, ಮಷಿನ್, ಇಸ್ತ್ರಿ ಎಲ್ಲವೂ ಮರೆತುಹೋದವು. ಮೂರು ತಿಂಗಳು ಜನ್ನಾಪುರದಲ್ಲಿ ಎಣ್ಣೆ, ಬಿಸಿನೀರು, ಬೆಳ್ಳುಳ್ಳಿ ಸಾರು. ಪಕ್ಕದ ಮನೆಯ ತಮಿಳು ಅಕ್ಕ ದಿನಾ ಬಂದು ಸಾಂಬ್ರಾಣಿ ಹೊಗೆ ಹಾಕಿ ಕೂಸಿನ ಮೂಗು ನೀಳವಾಗಲೆಂದು ಸವರಿ ಹೋಗುತ್ತಿದ್ದಳು. ಮೂಗು ಅತ್ತೆಯ ಮೂಗಿನ ಹಾಗೇ ಮೊಂಡಾಗಿ ಉಳಿಯಿತು.

ಭಾನುವಾರ ಮಗಳು ಬಂದಾಗ ಮರೆಯದೆ ಕೇಳುತ್ತಿದ್ದೆ. "ಕೌದಿ ಏನ್ ಮಾಡ್ತಿದೆ?"

"ಊಟ ಮಾಡ್ತಿದೆ."

ಆಟಕ್ಕೆ ಹೇಳುತ್ತಾಳೆ ಎಂದುಕೊಂಡೆ. ಆರನೆಯದೋ ಏಳನೆಯದೋ ಭಾನುವಾರ "ಅದಕ್ಕೆ ಸ್ನಾನ ಆಯ್ತು" ಎಂದಳು. ಜೊತೆಗೆ ಬಂದಿದ್ದ ಅತ್ತೆ ಫ್ಯಾನಿನ ಕಡೆ ನೋಡುತ್ತಾ ಕೂತಿದ್ದರು. ಅಟ್ಟಕ್ಕೆ ಹಾಕಿರುತ್ತಾರೆ, ನನಗೆ ಬೇಜಾರಾಗುತ್ತದೆಂದು ಹೇಳುತ್ತಿಲ್ಲ ಎಂದು ನಾನು ಲೆಕ್ಕ ಹಾಕಿದೆ. ಕೇಳಲಿಲ್ಲ.

ಮೂರು ತಿಂಗಳು ತುಂಬಿದ ಮೇಲೆ ಮಗನನ್ನೆತ್ತಿಕೊಂಡು ರವೀಂದ್ರನಗರಕ್ಕೆ ಬಂದೆ. ಅತ್ತೆ ಬಾಗಿಲಲ್ಲಿ ಆರತಿ ಎತ್ತುವಾಗ ನಾನು ಅವರ ಹೆಗಲ ಮೇಲಿಂದ ಹಜಾರದ ಮೂಲೆಗೆ ಇಣುಕಿದೆ. ಮಷಿನ್ ಇತ್ತು. ಅದರ ಮೇಲೆ ಇಸ್ತ್ರಿ ಬಟ್ಟೆಯ ರಾಶಿ ಕಿಟಕಿಯ ಸರಳಿನವರೆಗೆ ಬೆಳೆದಿತ್ತು. ಆಗಲಿ, ಗಟ್ಟಿಮುಟ್ಟಾದ ಎರಡು ಮಕ್ಕಳಿದ್ದಾವೆ, ಇನ್ನೇನು ಬೇಕು ಎಂದು ಅಂದುಕೊಂಡೆ. ಅಂದುಕೊಂಡದ್ದು ನಿಜ, ಸಮಾಧಾನವಾಗಲಿಲ್ಲ ಎನ್ನುವುದೂ ನಿಜ.

ಮಗಳು ಕೈಹಿಡಿದು ಎಳೆದುಕೊಂಡು ಹೋಗಿ ತನ್ನ ಮಂಚ ತೋರಿಸಿದಳು. ಕೌದಿ ಅಲ್ಲಿತ್ತು. ಮುಟ್ಟಿ ನೋಡಿದೆ. ಒಗೆದು ಮೆತ್ತಗಾಗಿತ್ತು. ನಾನು ಬಿಟ್ಟುಹೋಗಿದ್ದ ಅಂಚಿನಲ್ಲಿ ಹೊಲಿಗೆ ಬಂದಿತ್ತು. ನನ್ನದಲ್ಲ. ದಪ್ಪ ದಪ್ಪ, ಆದರೆ ನಾಟಿಯ ಸಾಲಿನ ಹಾಗೆ ನೇರ. ಒಂದು ಮೂಲೆ ಮಾತ್ರ ತೆರೆದಿತ್ತು.

"ಯಾರು ಹೊಲಿದಿದ್ದು?" ಎಂದೆ.

"ಇನ್ಯಾರು, ನಾನೇ. ನಿನ್ನ ಮಗಳು ಮಾಡಿದ ಕೆಲಸಕ್ಕೆ" ಎಂದರು ಹಿಂದೆ ಬಂದ ಅತ್ತೆ. ಆಮೇಲೆ ಕಥೆ ಹೊರಬಿತ್ತು. ನಾನು ಹೋದ ದಿನದಿಂದ ಅವಳು ಕೌದಿಯ ಬಾಯೊಳಗೆ ದಿನಾ ಊಟ ಹಾಕುತ್ತಿದ್ದಳಂತೆ. ಇಡ್ಲಿ ತುಂಡು, ಚಪಾತಿ ಚೂರು, ಒಂದು ದಿನ ಕೇಸರಿಬಾತು. ಕೇಸರಿಬಾತಿನ ದಿನ ಇರುವೆಗಳು ಗೋಡೆಯುದ್ದಕ್ಕೂ ಸಾಲು ಕಟ್ಟಿದ ಮೇಲೇ ಅತ್ತೆಗೆ ಗೊತ್ತಾದದ್ದು. ಹೊಲಿಯದೆ ಉಳಿದಿದ್ದ ಬದಿಯಿಂದ ಒಳಗಿನದೆಲ್ಲ ಕೊಡವಿ, ಒಗೆದು, ತಾರಸಿಯ ಮೇಲೆ ಒಣಗಿಸಿ, ಆ ಅಂಚನ್ನು ಹೊಲಿದಿದ್ದರು. ಕನ್ನಡಕ ಹಾಕಿದರೂ ಸೂಜಿಯ ಕಣ್ಣು ಕಾಣದೆ, ದಾರ ಹಾಕಿಕೊಟ್ಟವಳು ಮೊಮ್ಮಗಳು.

"ಯಾಕೆ ಪುಟ್ಟಿ ಹಾಗೆ ಮಾಡ್ದೆ?"

"ಹಸಿದಿರಬಾರದು ಅಂತ ಅಜ್ಜಿ ಹೇಳಿದ್ರಲ್ಲ. ನೀನು ಬಂದ್ಮೇಲೆ ತಾನೆ ಬಾಯಿ ಹೊಲಿಯೋದು? ಅಲ್ಲೀವರೆಗೆ ಅದಕ್ಕೆ ಊಟ ಯಾರು ಕೊಡ್ತಾರೆ?"

ನಗು ತಡೆಯಲಾಗಲಿಲ್ಲ. ಹೆಗಲ ಮೇಲೆ ಮಲಗಿದ್ದ ಮಗ ಬೆಚ್ಚಿ ಎದ್ದು ಅಳತೊಡಗಿದ, ಅವನ ಜೊತೆಗೆ ನಾನೂ ಸ್ವಲ್ಪ ಅತ್ತುಬಿಟ್ಟೆ. ಇಷ್ಟು ತಿಂಗಳು ಅಮ್ಮನಿಲ್ಲದೆ ಅವಳು ಏನು ಮಾಡುತ್ತಿದ್ದಾಳೋ ಎಂದು ನಾನು ಅಲ್ಲಿ ಒದ್ದಾಡುತ್ತಿದ್ದರೆ, ಅವಳು ಇಲ್ಲಿ ತನ್ನ ತಟ್ಟೆಯದನ್ನು ಕೌದಿಗೆ ಉಣಿಸುತ್ತಿದ್ದಳು.

ಮರುದಿನ ಬೆಳಿಗ್ಗೆ ತಿಂಡಿಯಾದ ಮೇಲೆ ಬಾಯಿ ಹೊಲಿಯುವ ಶಾಸ್ತ್ರ. ಮಗಳು ಅಳೆದು ಒಂದೇ ಚಿಟಿಕೆ ಅಕ್ಕಿ ಹಾಕಿದಳು, ಅತ್ತೆ ಅವಳ ಮುಷ್ಟಿ ಬಿಡಿಸಿ ಪರೀಕ್ಷೆ ಮಾಡಿದರು. ನಾನು ಏಳೆಂಟು ಹೊಲಿಗೆ ಹಾಕಿ ಗಂಟು ಬಿಗಿದು ದಾರ ಕಚ್ಚಿದೆ. ಮುಗಿಯಿತು. ಹೆರಿಗೆಗೆ ಮುಂಚೆ ಮುಗಿಸುತ್ತೇನೆ ಎಂದದ್ದು ಹೆರಿಗೆಯಾಗಿ ಮೂರು ತಿಂಗಳಿಗೆ ಮುಗಿದಿತ್ತು. ಆ ಸಂತೋಷದಲ್ಲಿ ಎದ್ದು ಹೋಗಿ, ಯೋಚನೆಯೇ ಇಲ್ಲದೆ, ತೊಟ್ಟಿಲಲ್ಲಿದ್ದ ಮಗನಿಗೆ ಹೊದಿಸಿದೆ.

ಮಗಳು ಬಂದು ನಿಧಾನಕ್ಕೆ ಅದನ್ನು ಎಳೆದುಕೊಂಡಳು. "ಇದು ನಂದು" ಎಂದಳು. ಹಟವಿಲ್ಲ, ಅಳುವಿಲ್ಲ, ಗೊತ್ತಿರುವ ವಿಷಯ ಹೇಳಿದ ಹಾಗೆ.

ನಾನು ಸಹಾಯಕ್ಕೆಂದು ಅತ್ತೆಯ ಮುಖ ನೋಡಿದೆ. "ಅವಳದ್ದೇ ಅಲ್ವಾ? ದೊಡ್ಡವಳಿಗೆ ಅಂತ ನೀನೇ ಹೇಳಿದ್ದು" ಎಂದರು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಆಗ ನನಗೆ ಅನುಮಾನ ಬಂತು.

"ನಿಮಗೆ ಮೊದಲೇ ಗೊತ್ತಿತ್ತಾ ಅತ್ತೆ?"

"ಐದು ವರ್ಷದ ಹುಡುಗೀಗೆ ಯಾರಾದ್ರೂ ಇಷ್ಟುದ್ದದ ಕೌದಿ ಹೊಲೀತಾರೇನೆ ಮಾರಾಯ್ತಿ?" ಎಂದು ಅತ್ತೆ ಎರಡು ಕೈ ಅಗಲಿಸಿ ತೊಟ್ಟಿಲಿನ ಅಳತೆ ತೋರಿಸಿದರು. ಹೌದಲ್ಲ. ಮಗಳು ಹೊದ್ದು ಮಲಗಿದರೆ ಮಂಡಿಯಿಂದ ಕೆಳಗೆ ಎಲ್ಲಾ ಹೊರಗೇ. ಸುಳ್ಳು ಹೇಳುವಾಗ ನಾನು ಅಳತೆಯನ್ನೇ ಮರೆತಿದ್ದೆ.

"ಇವನಿಗೆ?" ಎಂದೆ.

"ಇವನಿಗೆ ಬೇರೆ ಹೊಲಿ. ಕೂಸು ಹುಟ್ಟಿಯಾಯ್ತು. ಇನ್ನು ಕೌದಿನಾದ್ರೂ ಹೊಲಿ, ಕುಲಾವಿನಾದ್ರೂ ಹೊಲಿ. ಅಂಚು ನಾನು ಹಾಕಿಕೊಡ್ತೀನಿ, ದಾರ ಇವಳು ಪೋಣಿಸ್ತಾಳೆ."

ಹಾಗೆಂದವರೇ ಹಜಾರದ ಮೂಲೆಗೆ ನಡೆದು, ಮಷಿನ್ನಿನ ಮೇಲಿದ್ದ ಇಸ್ತ್ರಿ ಬಟ್ಟೆಯ ರಾಶಿಯನ್ನು ಎರಡೂ ಕೈಯಲ್ಲಿ ಎತ್ತಿ ತಂದು, ಸೋಫಾದಲ್ಲಿ ಪೇಪರು ಓದುತ್ತಿದ್ದ ತಮ್ಮ ಮಗನ ತೊಡೆಯ ಮೇಲೆ ಇಟ್ಟರು. "ಇದಕ್ಕೆ ಬೇರೆ ಜಾಗ ನೋಡ್ಕೋ" ಎಂದರು.

ನನ್ನ ಗಂಡ ಶರ್ಟುಗಳ ಮೇಲಿಂದ ನನ್ನನ್ನು ನೋಡಿದರು. ನಾನು ಮಷಿನ್ನಿನ ಮುಚ್ಚಳ ತೆಗೆಯುತ್ತಿದ್ದೆ. ಅವರು ಆ ಬಟ್ಟೆಗಳಿಗೆ ಇವತ್ತಿಗೂ ಜಾಗ ಹುಡುಕುತ್ತಿದ್ದಾರೆ. ಎರಡನೇ ಕೌದಿ ಅಂಚಿಗೆ ಬಂದಿದೆ.